ಮಾರ್ಕೆಟ್ ಸ್ಟ್ರೀಟ್, 1906: ಇವರಿಗೆಲ್ಲ ಏಕಿಷ್ಟು ಅವಸರ?

ಸೀಮೆಸುಣ್ಣ:

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಸಿನಿಮಾ ತಂತ್ರದ ಬಗ್ಗೆ ನನಗಿರುವ ತಿಳಿವಳಿಕೆ ಟಿಕೆಟ್ ಕೊಂಡು ಕುರ್ಚಿ ಹುಡುಕುವಲ್ಲಿಗೆ ಮುಗಿಯುತ್ತದೆ. ಆದ್ದರಿಂದ ಪ್ರಶ್ನೆ ಬಾಲಿಶವೆನಿಸಿದರೆ ಸಹಿಸಿಕೊಳ್ಳಿ.

ಕಳೆದ ವಾರ ಒಂಬತ್ತನೆಯ ತರಗತಿಯವರಿಗೆ ಸ್ಯಾನ್ ಫ್ರಾನ್ಸಿಸ್ಕೋ ನಗರದ ಮಾರ್ಕೆಟ್ ಸ್ಟ್ರೀಟಿನ ಹಳೆಯ ಚಿತ್ರ ತೋರಿಸಿದೆ. 1906ರದು. ಕೇಬಲ್ ಬಂಡಿಯ ಮುಂಭಾಗಕ್ಕೆ ಕ್ಯಾಮೆರಾ ಕೂರಿಸಿ, ಎಂಟನೆಯ ಬೀದಿಯ ಬಳಿಯಿಂದ ದಡದ ಫೆರಿ ಕಟ್ಟಡದವರೆಗೆ ತೆಗೆದದ್ದು. ಸುಮಾರು 13 ನಿಮಿಷ. ಮೊದಲಿಗೆ ಬೆರಳುದ್ದ ಕಾಣುವ ಗಡಿಯಾರದ ಗೋಪುರ ಕೊನೆಗೆ ತೆರೆ ತುಂಬುತ್ತದೆ. ನಡುವೆ ಕುದುರೆಗಾಡಿ, ಮೋಟಾರು, ಸೈಕಲ್, ಟ್ರಾಮು, ಇವೆಲ್ಲದರ ಸಂದಿಯಲ್ಲಿ ಜೀವದ ಹಂಗಿಲ್ಲದೆ ರಸ್ತೆ ದಾಟುವ ಜನ. ನಾನು ತೋರಿಸಿದ್ದು ಅಂತರ್ಜಾಲದಲ್ಲಿ ಸಿಕ್ಕಿದ ಬಣ್ಣದ ಪ್ರತಿ. ಗೊರಸಿನ ಸದ್ದು, ಟ್ರಾಮಿನ ಗಂಟೆ, ಜನರ ಗುಜುಗುಜು, ಎಲ್ಲವೂ ಇತ್ತು. ನಲವತ್ತೆರಡು ಮಕ್ಕಳು 13 ನಿಮಿಷ ಪಿಸುಗುಟ್ಟದೆ ಕುಳಿತಿದ್ದು ನನ್ನ ನೌಕರಿಯಲ್ಲಿ ಅದೇ ಮೊದಲು.

ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಿಸ್, ಇವರಿಗೆಲ್ಲ ಏಕೆ ಇಷ್ಟು ಅವಸರ?" ಎಂದಳು. ನಾನು ಕೈಗಾರಿಕಾ ಯುಗ, ಗಡಿಯಾರಕ್ಕೆ ಕಟ್ಟುಬಿದ್ದ ದುಡಿಮೆ, ನಗರದ ಧಾವಂತ ಎಂದು ಹತ್ತು ನಿಮಿಷ ಚೆನ್ನಾಗಿಯೇ ಮಾತನಾಡಿದೆ. ಮಾರನೆಯ ದಿನ ಒಬ್ಬ ಹುಡುಗ ಮನೆಯಲ್ಲಿ ಅದೇ ಚಿತ್ರದ ಇನ್ನೊಂದು ಪ್ರತಿ ಹುಡುಕಿಕೊಂಡು ಬಂದಿದ್ದ. ಕಪ್ಪು ಬಿಳುಪು, ಶಬ್ದವಿಲ್ಲ. ಅದರಲ್ಲಿ ಅದೇ ಜನ ಊಟ ಮುಗಿಸಿ ಅಡ್ಡಾಡಲು ಹೊರಟವರಂತೆ ನಿಧಾನವಾಗಿ ನಡೆಯುತ್ತಿದ್ದರು. ನನ್ನ ಕೈಗಾರಿಕಾ ಯುಗ ಅಲ್ಲೇ ಕುಸಿಯಿತು.

ಈಗ ಕೇಳುತ್ತೇನೆ. ಎರಡರಲ್ಲಿ ಯಾವ ವೇಗ ನಿಜ? ಬಣ್ಣವನ್ನು ಎಷ್ಟು ನಂಬಬೇಕು? ವರ್ಷ 1906 ಎಂದು ಹೇಗೆ ಗೊತ್ತಾಯಿತು? ಇನ್ನೊಬ್ಬ ಹುಡುಗ, ಒಂದೇ ಕಾರು ಮತ್ತೆ ಮತ್ತೆ ಬರುತ್ತಿದೆ ಎಂದು ಹಟ ಹಿಡಿದಿದ್ದಾನೆ. ಅವನ ಕಣ್ಣು ಸರಿಯೋ, ನನ್ನದೋ?


ಹಳೆಯ ಆಪರೇಟರ್:

ಮೇಡಂ, ಪ್ರಶ್ನೆ ಬಾಲಿಶವಲ್ಲ. ಮೂವತ್ತೊಂದು ವರ್ಷ ಪ್ರೊಜೆಕ್ಟರ್ ಕೋಣೆಯಲ್ಲಿ ಕಳೆದ ನನಗೆ ಈ ಪ್ರಶ್ನೆ ಕೇಳಿಕೊಳ್ಳಬೇಕೆಂದು ಹೊಳೆಯಲು ಹದಿನೈದು ವರ್ಷ ಹಿಡಿಯಿತು. ಅದೂ ಒಂದು ಅವಮಾನದ ನಂತರ. ಅದನ್ನು ಆಮೇಲೆ ಹೇಳುತ್ತೇನೆ.

ಆ ಕಾಲದ ಕ್ಯಾಮೆರಾಗಳಲ್ಲಿ ಹೆಚ್ಚಿನವಕ್ಕೆ ಮೋಟಾರು ಇರಲಿಲ್ಲ. ಪಕ್ಕದಲ್ಲಿ ಒಂದು ಹಿಡಿ, ಅದನ್ನು ತಿರುಗಿಸುವ ಒಂದು ಕೈ. ಒಂದು ಸುತ್ತಿಗೆ ಎಂಟು ಫ್ರೇಮು, ಅಂದರೆ ಫಿಲ್ಮಿನ ಮೇಲಿನ ಎಂಟು ಬಿಡಿ ಚಿತ್ರ, ಸಾಗುವಂತೆ ಹಲ್ಲುಗಾಲಿಗಳ ಲೆಕ್ಕ. ಸೆಕೆಂಡಿಗೆ ಎರಡು ಸುತ್ತು ಹಾಕಿದರೆ 16 ಫ್ರೇಮು. ಫ್ರಾನ್ಸಿನಲ್ಲಿ ಸಿನಿಮಾ ಶುರುಮಾಡಿದ ಲೂಮಿಯೇರ್ ಸಹೋದರರ ಯಂತ್ರದ ವಾಡಿಕೆ ಇದು. ಅದು ಸುಮಾರು ಐದು ಕಿಲೋ ತೂಗುವ ಪೆಟ್ಟಿಗೆ. ಅದರಲ್ಲೇ ತೆಗೆಯಬಹುದು, ಅದರಲ್ಲೇ ಪ್ರಿಂಟ್ ಹಾಕಬಹುದು, ಅದರಲ್ಲೇ ತೋರಿಸಬಹುದು. ಸಿನಿಮಾ ಮೊದಲ ದಿನದಿಂದಲೇ ಬೀದಿಗೆ ಇಳಿದದ್ದು ಪೆಟ್ಟಿಗೆ ಹಗುರವಾಗಿದ್ದುದರಿಂದ. 1895ರ ಡಿಸೆಂಬರ್ 28ರಂದು ಪ್ಯಾರಿಸ್‌ನಲ್ಲಿ ಹಣ ಕೊಟ್ಟವರಿಗೆ ತೋರಿಸಿದ ಹತ್ತು ತುಣುಕುಗಳಲ್ಲಿ ಒಂದು ಲಿಯಾನ್ ನಗರದ ಚೌಕದ ಓಡಾಟ. ಎಡಿಸನ್ ಕಂಪನಿಯ ಮೊದಲ ಕ್ಯಾಮೆರಾ ವಿದ್ಯುತ್ತಿನಿಂದ ಓಡುವ ಭಾರಿ ಯಂತ್ರ. ಅದು ಬೀದಿಗೆ ಬರುವಂತಿರಲಿಲ್ಲ, ಜನರೇ ಅದರ ಮುಂದೆ ಹೋಗಿ ನಿಲ್ಲಬೇಕಿತ್ತು. ಮತ್ತು ಅದು ಸೆಕೆಂಡಿಗೆ ಸುಮಾರು 40 ಫ್ರೇಮು ನುಂಗುತ್ತಿತ್ತು. ಆದ್ದರಿಂದ "ಹಳೆಯ ಚಿತ್ರವೆಂದರೆ 16" ಎಂದು ಯಾರಾದರೂ ಹೇಳಿದರೆ ಅರ್ಧ ನಂಬಿ.

ಕೈ ಎಂದಮೇಲೆ ಕೈಯೇ. ದಣಿದರೆ ನಿಧಾನ, ಎದುರಿಗೆ ಏನಾದರೂ ಸ್ವಾರಸ್ಯ ಕಂಡರೆ ಗಾಬರಿ. ನಿಮ್ಮ ಚಿತ್ರದಲ್ಲಿ ಇದನ್ನು ಪರೀಕ್ಷಿಸುವ ಸೊಗಸಾದ ಅವಕಾಶವಿದೆ. ಕೇಬಲ್ ಬಂಡಿಗೆ ತನ್ನದೇ ಎಂಜಿನ್ ಇಲ್ಲ. ನೆಲದಡಿಯ ಸೀಳಿನಲ್ಲಿ ಒಂದೇ ವೇಗದಲ್ಲಿ ಹರಿಯುವ ಉಕ್ಕಿನ ಹಗ್ಗವನ್ನು ಅದು ಕಚ್ಚಿ ಹಿಡಿದು ಸಾಗುತ್ತದೆ. ಮಾರ್ಕೆಟ್ ಸ್ಟ್ರೀಟಿನಿಂದ ದಕ್ಷಿಣಕ್ಕೆ ಕವಲೊಡೆಯುವ, ಸಂಖ್ಯೆಯಿಂದಲೇ ಕರೆಯುವ ಬೀದಿಗಳ ನಡುವಿನ ಅಂತರವೂ ಹೆಚ್ಚುಕಡಿಮೆ ಒಂದೇ. ಬಂಡಿ ತಡೆಯಿಲ್ಲದೆ ಸಾಗಿದ ಎರಡು ಮೂರು ಅಂತರಗಳಿಗೆ ಎಷ್ಟೆಷ್ಟು ಫ್ರೇಮು ಖರ್ಚಾಗಿದೆ ಎಂದು ಎಣಿಸಿದರೆ, ಹಿಡಿ ತಿರುಗಿಸಿದವನ ತೋಳು ಎಲ್ಲಿ ಸೋತಿತೆಂದು ಕಾಣುತ್ತದೆ.

1920ರ ದಶಕದ ಕೊನೆಯಲ್ಲಿ ಶಬ್ದ ಬಂತು. ಫಿಲ್ಮಿನ ಅಂಚಿನಲ್ಲಿ ಶಬ್ದದ ಗೆರೆ ಅಚ್ಚಾದ ಮೇಲೆ ವೇಗ ಏರುಪೇರಾದರೆ ಗಾಯಕಿಯ ದನಿ ಗಂಡಸಿನದಾಗುತ್ತದೆ. ಹಾಗಾಗಿ 24 ಎಂದು ಬಿಗಿ ಮಾಡಿದರು. ಪ್ರೊಜೆಕ್ಟರುಗಳೂ 24ಕ್ಕೇ ಅಂಟಿಕೊಂಡವು. 16ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಎಲ್ಲರೂ ಒಂದೂವರೆ ಪಟ್ಟು ಅವಸರಕ್ಕೆ ಬೀಳುತ್ತಾರೆ. ಮೂಕಿ ಚಿತ್ರವೆಂದರೆ ಕುಣಿಕುಣಿದು ನಡೆಯುವ ಜನ ಎಂದು ಮೂರು ತಲೆಮಾರು ನಂಬಿದ್ದು ಹೀಗೆ. ಆ ಕಾಲದಲ್ಲಿ ಅವುಗಳನ್ನು ನೋಡಿದವರ ಕಣ್ಣಿಗೆ ಅವು ಹಾಗೆ ಕಂಡಿರಲಿಲ್ಲ.

ಇನ್ನು ಅವಮಾನ. ಒಂದು ಫಿಲ್ಮ್ ಸೊಸೈಟಿಯವರು ಹಳೆಯ ಸುದ್ದಿ ತುಣುಕುಗಳ ಒಂದು ರೀಲು ತಂದುಕೊಟ್ಟರು. ಅದರಲ್ಲಿ ಒಂದು ಶವಯಾತ್ರೆ ಇತ್ತು. ನಾನು ಎಂದಿನಂತೆ 24ಕ್ಕೆ ಬಿಟ್ಟೆ. ಕುದುರೆಗಳು ಪುಟಿದವು, ಹೆಣ ಹೊತ್ತ ಗಾಡಿ ಓಡಿತು, ಹಿಂದೆ ಕರಿಕೋಟಿನ ಹಿರಿಯರು ಓಡಿದರು. ಸಭೆ ನಕ್ಕಿತು. ಕೋಣೆಯ ಕಿಂಡಿಯಿಂದ ನೋಡುತ್ತಿದ್ದ ನಾನೂ ನಕ್ಕೆ. ಕಾರ್ಯಕ್ರಮ ಮುಗಿದ ಮೇಲೆ ಒಬ್ಬರು ಮೆಟ್ಟಿಲು ಹತ್ತಿ ಬಂದು, ನಿಮ್ಮ ಯಂತ್ರದಲ್ಲಿ ವೇಗ ತಗ್ಗಿಸುವ ಗುಂಡಿ ಇಲ್ಲವೇ ಎಂದು ಕೇಳಿದರು. ಇತ್ತು. ಅದು 16 ಮಿ.ಮೀ. ಯಂತ್ರ, ಅದರ ಪಕ್ಕದಲ್ಲೇ ಮೂಕಿ ವೇಗದ ಗುಂಡಿ ಇತ್ತು. ನಾನು ಅದನ್ನು ಒಂದು ದಿನವೂ ಮುಟ್ಟಿರಲಿಲ್ಲ.

ನಿಮ್ಮ ಮಕ್ಕಳಿಗೆ ಸುಲಭದ ಪರೀಕ್ಷೆ ಕೊಡಿ. ಮನುಷ್ಯ ಸಹಜವಾಗಿ ನಡೆಯುವಾಗ ನಿಮಿಷಕ್ಕೆ 100ರಿಂದ 120 ಹೆಜ್ಜೆ ಹಾಕುತ್ತಾನೆ. ಚಿತ್ರದಲ್ಲಿ ಯಾರನ್ನಾದರೂ ಆರಿಸಿಕೊಂಡು ಅವನ ಹೆಜ್ಜೆ ಎಣಿಸಿ. 160, 170 ಬಂದರೆ ದೋಷ ಅವನ ಕಾಲಿನದಲ್ಲ.


ಪಿಕ್ಸೆಲ್ ಕಮ್ಮಾರ:

ಆಪರೇಟರ್ ಸರ್ ಹೇಳಿದ್ದಕ್ಕೆ ಸೇರಿಸುತ್ತೇನೆ. ಹಳೆಯ ವಿಡಿಯೋಗಳ ಡಿಜಿಟಲ್ ದುರಸ್ತಿ ನನ್ನ ಹೊಟ್ಟೆಪಾಡು. ಮೇಡಂ ತೋರಿಸಿದಂಥ ಬಣ್ಣದ ಪ್ರತಿಗಳನ್ನು ನಾನೂ ಮಾಡಿದ್ದೇನೆ, ಆದ್ದರಿಂದ ತಪ್ಪೊಪ್ಪಿಗೆ ಎಂದೇ ಓದಿಕೊಳ್ಳಿ.

2020ರಲ್ಲಿ ಡೆನಿಸ್ ಶಿರ್ಯಾಯೆವ್ ಎಂಬವರು ಲೂಮಿಯೇರ್ ಸಹೋದರರ ರೈಲಿನ ಚಿತ್ರವನ್ನು 4ಕೆ ಎಂಬ ಅತಿ ಸ್ಪಷ್ಟ ಗಾತ್ರಕ್ಕೆ, ಸೆಕೆಂಡಿಗೆ 60 ಫ್ರೇಮಿಗೆ ಏರಿಸಿ ಹಾಕಿದ ಮೇಲೆ ಈ ಹುಚ್ಚು ಎಲ್ಲರಿಗೂ ಹಿಡಿಯಿತು. 16 ಫ್ರೇಮಿನ ಚಿತ್ರವನ್ನು 60ಕ್ಕೆ ಏರಿಸುವುದೆಂದರೆ ಏನು? ಪ್ರತಿ ಸೆಕೆಂಡಿನಲ್ಲಿ ಕನಿಷ್ಠ 44 ಫ್ರೇಮುಗಳನ್ನು ಯಾವ ಕ್ಯಾಮೆರಾವೂ ತೆಗೆದಿಲ್ಲ. ಹಿಂದಿನದು, ಮುಂದಿನದು ಎರಡನ್ನೂ ನೋಡಿ ನಡುವೆ ಹೀಗಿದ್ದಿರಬಹುದು ಎಂದು ಕಂಪ್ಯೂಟರ್ ಬಿಡಿಸಿದ ಚಿತ್ರಗಳು ಅವು. ಗಾಡಿಯ ಚಕ್ರದ ಕಡ್ಡಿಗಳನ್ನು, ಕುದುರೆಯ ಕಾಲುಗಳನ್ನು ಒಂದೊಂದೇ ಫ್ರೇಮು ನಿಲ್ಲಿಸಿ ನೋಡಿ. ಕಾಲು ಒಮ್ಮೆ ಕರಗಿ, ಇನ್ನೊಂದು ಕಡೆ ಮೂಡಿರುತ್ತದೆ. ಮುಖಗಳದ್ದೂ ಅದೇ ಕಥೆ. ಮೂಲದಲ್ಲಿ ನಾಲ್ಕು ಬೂದು ಚುಕ್ಕೆ ಇರುವ ಕಡೆ ಯಂತ್ರ ತಾನು ಕಲಿತ ಸಾವಿರಾರು ಮುಖಗಳ ಸರಾಸರಿಯನ್ನು ಅಂಟಿಸುತ್ತದೆ. ಆ ಮೀಸೆ ಯಾರದೂ ಅಲ್ಲ.

ಬಣ್ಣಕ್ಕೆ ಬಂದರೆ ಇನ್ನೂ ಮೋಜು. ಆಗಿನ ಫಿಲ್ಮು ನೀಲಿ ಬೆಳಕಿಗೆ ಥಟ್ಟನೆ ಮಣಿಯುತ್ತಿತ್ತು, ಕೆಂಪಿಗೆ ಕುರುಡು. ಆಕಾಶ ಸುಣ್ಣ ಬಳಿದ ಗೋಡೆಯಂತೆ ಬಿಳಿಚಿಕೊಂಡಿರುವುದು ಇದರಿಂದಲೇ, ಮೋಡ ಕವಿದುದರಿಂದಲ್ಲ. ಕಡುಗೆಂಪು ಲಂಗವೂ ಕಪ್ಪು ಕೋಟೂ ಅದರಲ್ಲಿ ಒಂದೇ ಕಪ್ಪು. ನೀಲಿ ಅಂಗಿ ಬಿಳಿಯ ಅಂಗಿಯ ಪಕ್ಕ ಕುಳಿತುಬಿಡುತ್ತದೆ. ಅಮೆರಿಕದ ಧ್ವಜವನ್ನೇ ತೆಗೆದುಕೊಳ್ಳಿ, ಕೆಂಪು ಪಟ್ಟೆ ಕಪ್ಪಾಗಿ, ನೀಲಿ ಮೂಲೆ ಮಾಸಲಾಗಿ ಬರುತ್ತದೆ. ಧ್ವಜವಾದರೆ ಸರಿಯಾದ ಬಣ್ಣ ಗೊತ್ತು, ತುಂಬಬಹುದು. ದಾರಿಹೋಕನ ಕೋಟಿಗೆ ಸಾಕ್ಷಿ ಯಾರು? ತಂತ್ರಾಂಶ ಅಂಥ ಕಡೆಯಲ್ಲೆಲ್ಲ ಕಂದು ಅಥವಾ ಬೂದು ಹಚ್ಚಿ ಕೈತೊಳೆದುಕೊಳ್ಳುತ್ತದೆ. ಆಗ ನಾವು, "ಆ ಕಾಲದವರು ಎಷ್ಟು ಮಂಕು ಬಟ್ಟೆ ತೊಡುತ್ತಿದ್ದರು" ಎನ್ನುತ್ತೇವೆ.

ಆ ಕಾಲದಲ್ಲಿ ನಿಜವಾದ ಬಣ್ಣ ಹಿಡಿಯಲು ಹೆಣಗಿದವರು ಇದ್ದರು. ಲಂಡನ್ನಿನ ಎಡ್ವರ್ಡ್ ಟರ್ನರ್ 1902ರ ಹೊತ್ತಿಗೆ ಕೆಂಪು, ಹಸಿರು, ನೀಲಿ ಗಾಜುಗಳ ಮೂಲಕ ಒಂದಾದ ಮೇಲೊಂದು ಫ್ರೇಮು ತೆಗೆದಿದ್ದರು. ತಮ್ಮ ಮಕ್ಕಳು ಸೂರ್ಯಕಾಂತಿ ಹೂವಿನೊಂದಿಗೆ ಆಡುವುದು, ಒಂದು ಮಕಾವ್ ಗಿಳಿ. ಮರುವರ್ಷ ತೀರಿಕೊಂಡರು. ಅವರ ಪ್ರೊಜೆಕ್ಟರ್ ಆ ಮೂರನ್ನು ತೆರೆಯ ಮೇಲೆ ಸರಿಯಾಗಿ ಕೂರಿಸಲು ಸೋತಿತ್ತು. 2012ರಲ್ಲಿ ಬ್ರಿಟನ್ನಿನ ಬ್ರಾಡ್‌ಫರ್ಡ್ ಮ್ಯೂಸಿಯಂನವರು ಅದೇ ಫಿಲ್ಮನ್ನು ಕಂಪ್ಯೂಟರಿನಲ್ಲಿ ಜೋಡಿಸಿ ತೋರಿಸಿದರು. ಆ ಗಿಳಿಯ ಕೆಂಪು ಮಾತ್ರ ನಿಜವಾದ ಕೆಂಪು. ನಾನು ಹಚ್ಚುವುದು ಬರೀ ಬಣ್ಣ.

ಶಬ್ದದ ಬಗ್ಗೆ ಒಂದೇ ಮಾತು: ಎಲ್ಲವೂ ಶಬ್ದ ಭಂಡಾರದಿಂದ ಇಳಿಸಿಕೊಂಡದ್ದು. ಯಾವ ಕುದುರೆಯೂ 1906ರದಲ್ಲ.

ಆದರೂ ನನ್ನ ಕಸುಬಿನ ಪರವಾಗಿ ಒಂದು ಮಾತು ಹೇಳಿಬಿಡುತ್ತೇನೆ. ಮೇಡಂ ಕಪ್ಪು ಬಿಳುಪಿನ ಮೂಕ ಪ್ರತಿಯನ್ನೇ ಮೊದಲು ತೋರಿಸಿದ್ದರೆ ನಲವತ್ತೆರಡು ಮಕ್ಕಳೂ ಸುಮ್ಮನೆ ಕೂರುತ್ತಿದ್ದರೇ?


ಹಳೆಯ ಆಪರೇಟರ್:

ತಮ್ಮಾ, ಕೂರುತ್ತಿರಲಿಲ್ಲ, ಒಪ್ಪಿದೆ. ಆದರೆ ನೀವು ಮಾಡಿದ್ದನ್ನು ದುರಸ್ತಿ ಎಂದು ಕರೆಯಬೇಡಿ. ಫಿಲ್ಮು ಹರಿದರೆ ಅಂಟಿಸುವುದು ದುರಸ್ತಿ. ಹರಿದು ಹೋದ ದೃಶ್ಯವನ್ನು ನಾನೇ ಬರೆದು ಸೇರಿಸಿದ್ದರೆ ಮ್ಯಾನೇಜರ್ ನನ್ನನ್ನು ಅಂದೇ ಮನೆಗೆ ಕಳುಹಿಸುತ್ತಿದ್ದರು.


ಅಡಿಟಿಪ್ಪಣಿ:

ಇಬ್ಬರ ಜಗಳದ ನಡುವೆ ಕಾರಿನ ಹುಡುಗನನ್ನು ಮರೆತಿರಿ. ಮೇಡಂ, ಅವನ ಕಣ್ಣು ಸರಿ. ಅವನಿಗೆ ಒಂದು ಅಂಕ ಹೆಚ್ಚು ಕೊಡಿ.

ಚಿತ್ರ ತೆಗೆದವರು ಮೈಲ್ಸ್ ಸಹೋದರರು: ಹ್ಯಾರಿ, ಹರ್ಬರ್ಟ್, ಅರ್ಲ್, ಜೋ. ಅವರ ಸ್ಟುಡಿಯೋ ಅದೇ ಮಾರ್ಕೆಟ್ ಸ್ಟ್ರೀಟಿನಲ್ಲಿತ್ತು. ಚಿತ್ರದಲ್ಲಿ ಕೆಲವು ಮೋಟಾರುಗಳು ಕ್ಯಾಮೆರಾದ ಮುಂದೆ ಹಾದು, ಸುತ್ತಿ ಹಿಂದೆ ಹೋಗಿ, ಮತ್ತೆ ಮುಂದೆ ಬರುತ್ತವೆ. ಒಂದಂತೂ ಹಲವು ಬಾರಿ. ಬೀದಿಯಲ್ಲಿ ಮೋಟಾರುಗಳು ಕಿಕ್ಕಿರಿದಿವೆ ಎಂದು ತೋರಿಸಲು ನಿರ್ಮಾಪಕರೇ ಹೇಳಿ ಓಡಿಸಿದ ಹಾಗಿದೆ. ನಾವು ಅದನ್ನು ನೋಡಿ, "1906ರಲ್ಲೇ ಇಷ್ಟೊಂದು ಕಾರು!" ಎಂದು ಬೆರಗಾಗುತ್ತೇವೆ. ಅವರು ಬಯಸಿದ್ದೂ ಅದನ್ನೇ.

ಬೀದಿಯ ಚಿತ್ರದಲ್ಲಿ ಯಾರೂ ನಟಿಸುತ್ತಿಲ್ಲ ಎಂಬ ಭ್ರಮೆ ಬಹಳ ಹಳೆಯದು. ಲೂಮಿಯೇರ್ ಕಾರ್ಖಾನೆಯಿಂದ ಕೆಲಸಗಾರರು ಹೊರಬರುವ 1895ರ ತುಣುಕು ಎಲ್ಲರಿಗೂ ಗೊತ್ತು. ಅದಕ್ಕೆ ಮೂರು ಆವೃತ್ತಿಗಳಿವೆ. ಒಂದರಲ್ಲಿ ಗಾಡಿಗೆ ಒಂದು ಕುದುರೆ, ಒಂದರಲ್ಲಿ ಎರಡು, ಇನ್ನೊಂದರಲ್ಲಿ ಕುದುರೆಯೇ ಇಲ್ಲ. ಒಂದೇ ಗೇಟಿನಿಂದ ಮೂರು ಬಾರಿ ಮನೆಗೆ ಹೊರಟ ಆ ಕೆಲಸಗಾರರಿಗೆ ಸಂಬಳ ಕೊಡುತ್ತಿದ್ದವನೇ ಕ್ಯಾಮೆರಾದ ಯಜಮಾನ.

ಇನ್ನು ದಿನಾಂಕ. ಇದು ಪತ್ತೇದಾರಿ ಕೆಲಸ, ನನಗೆ ಅತ್ಯಂತ ಪ್ರಿಯವಾದ ಭಾಗ, ಸ್ವಲ್ಪ ಉದ್ದವಾದರೆ ಕ್ಷಮಿಸಿ. ಬಹಳ ಕಾಲ ಇದನ್ನು 1905ರ ಸೆಪ್ಟೆಂಬರಿನದೆಂದು ದಾಖಲಿಸಲಾಗಿತ್ತು. ಕಟ್ಟುತ್ತಿರುವ ಕಟ್ಟಡಗಳು ಎಷ್ಟು ಎತ್ತರಕ್ಕೆ ಬಂದಿವೆ ಎಂಬುದನ್ನು ನೋಡಿ ಹಾಗೆ ಊಹಿಸಿದ್ದರು. ಕ್ಯಾಲಿಫೋರ್ನಿಯಾದ ನೈಲ್ಸ್ ಎಂಬಲ್ಲಿ ಮೂಕಿ ಚಿತ್ರಗಳ ಮ್ಯೂಸಿಯಂ ಇದೆ. ಅಲ್ಲಿನ ಇತಿಹಾಸಕಾರ ಡೇವಿಡ್ ಕೀನ್ ಬೀದಿಯ ಹೊಂಡಗಳನ್ನು ನೋಡಿದರು. ಕೇಬಲ್ ಹಳಿಯ ಪಕ್ಕ ಮಳೆನೀರು ನಿಂತಿದೆ. ಆ ಊರಿನಲ್ಲಿ ಬೇಸಿಗೆಯಿಂದ ಸೆಪ್ಟೆಂಬರಿನವರೆಗೆ ಮಳೆ ತೀರ ಅಪರೂಪ. ಹಳೆಯ ಪತ್ರಿಕೆಗಳ ಹವಾಮಾನ ವರದಿ ತೆಗೆದು ನೋಡಿದರೆ ಆ ತಿಂಗಳು ಹೊಂಡ ತುಂಬುವ ಮಳೆಯೇ ಇಲ್ಲ. ಆಮೇಲೆ ಒಂದು ಕಾರಿನ ನಂಬರ್ ಪ್ಲೇಟು ಓದಿದರು. ನೋಂದಣಿಯಾದದ್ದು 1906ರ ಆರಂಭದಲ್ಲಿ. ಅಲ್ಲಿಗೆ ಚಿತ್ರ ಆ ವರ್ಷದ ವಸಂತಕ್ಕೆ ಸರಿಯಿತು.

ತಿಂಗಳುಗಳ ಲೆಕ್ಕಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎನ್ನುವವರಿಗೆ: 1906ರ ಏಪ್ರಿಲ್ 18ರ ಬೆಳಗಿನ ಜಾವ 5 ಗಂಟೆ 12 ನಿಮಿಷಕ್ಕೆ ಅಲ್ಲಿ ಭೂಮಿ ನಡುಗಿತು. ಆಮೇಲೆ ದಿನಗಟ್ಟಲೆ ಬೆಂಕಿ. ಆ ಬೀದಿಯ ಬಹುಭಾಗ ಸುಟ್ಟಿತು, ಮೈಲ್ಸ್ ಸಹೋದರರ ಸ್ಟುಡಿಯೋವೂ ಹೋಯಿತು. ಚಿತ್ರ ಮೊದಲೇ ನ್ಯೂಯಾರ್ಕಿಗೆ ಹೋಗಿದ್ದರಿಂದ ಉಳಿಯಿತು. ನಿಮ್ಮ ಮಕ್ಕಳು ನೋಡಿದ್ದು ಭೂಕಂಪಕ್ಕೆ ಕೆಲವೇ ದಿನ ಮೊದಲಿನ ಬೀದಿ. 2010ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿದೆ.

ಆದ್ದರಿಂದ ಚಿತ್ರದ ಹಣೆಪಟ್ಟಿಯನ್ನು ಕಣ್ಣು ಮುಚ್ಚಿ ನಂಬಬೇಡಿ. 1899ರದ್ದೊಂದು ತುಣುಕಿದೆ, ಗಂಗಾನದಿಯಿಂದ ಕಂಡ ಕಲ್ಕತ್ತಾ ಎಂದು ಅದರ ಶೀರ್ಷಿಕೆ. ದೋಣಿಯಿಂದ ತೆಗೆದದ್ದು. ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ, ಅದು ವಾರಾಣಸಿಯ ಘಟ್ಟಗಳು. ಮಾರುವವನಿಗೆ ಎರಡೂ ಒಂದೇ ಆಗಿತ್ತು.

ನೀವು ಕೇಳದ ಒಂದು ಪ್ರಶ್ನೆಗೂ ಉತ್ತರ ಕೊಡುತ್ತೇನೆ, ಏಕೆಂದರೆ ಯಾವುದಾದರೂ ಮಗು ನಾಳೆ ಕೇಳಿಯೇ ಕೇಳುತ್ತದೆ: ಜನ ಕ್ಯಾಮೆರಾವನ್ನು ಏಕೆ ಹಾಗೆ ದಿಟ್ಟಿಸುತ್ತಾರೆ? ಕುತೂಹಲ ಒಂದು ಕಾರಣ. ಇನ್ನೊಂದು, ವ್ಯಾಪಾರ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಲ್ಲಿ ಮಿಚೆಲ್ ಮತ್ತು ಕೆನ್ಯನ್ ಎಂಬಿಬ್ಬರು ಇದ್ದರು. ಜಾತ್ರೆಯ ಪ್ರದರ್ಶಕರು ಅವರಿಂದ ಊರಿನ ಬೀದಿಯನ್ನು, ಗಿರಣಿಯ ಗೇಟನ್ನು ತೆಗೆಸಿ, "ಬನ್ನಿ, ನಿಮ್ಮನ್ನು ನೀವೇ ನೋಡಿಕೊಳ್ಳಿ" ಎಂದು ಅದೇ ಊರಿನವರಿಗೆ ಟಿಕೆಟ್ ಮಾರುತ್ತಿದ್ದರು. ಹೆಚ್ಚು ಮುಖ ಬಿದ್ದಷ್ಟೂ ಹೆಚ್ಚು ಟಿಕೆಟ್. ಹುಡುಗರು ಅದನ್ನು ತಿಳಿದೇ ಮುಂದೆ ನುಗ್ಗಿ, ಟೋಪಿ ಬೀಸಿ, ಒಬ್ಬರನ್ನೊಬ್ಬರು ತಳ್ಳಿ ಹಲ್ಲು ಕಿರಿಯುತ್ತಾರೆ. ಆ ನೆಗೆಟಿವ್‌ಗಳು ಅಂಗಡಿಯೊಂದರ ನೆಲಮಾಳಿಗೆಯಲ್ಲಿ ಲೋಹದ ಪೀಪಾಯಿಗಳಲ್ಲಿ ಕುಳಿತಿದ್ದವು. 1994ರಲ್ಲಿ ಕಟ್ಟಡದ ಕೆಲಸಗಾರರ ಕಣ್ಣಿಗೆ ಬಿದ್ದವು, ಎಂಟುನೂರಕ್ಕೂ ಹೆಚ್ಚು. ಆಗ ಬಳಸುತ್ತಿದ್ದ ನೈಟ್ರೇಟ್ ಫಿಲ್ಮು ಬೆಂಕಿಯ ಕಡ್ಡಿ ಇದ್ದ ಹಾಗೆ. ಎಂಬತ್ತು ತೊಂಬತ್ತು ವರ್ಷ ಉರಿಯದೆ ಕೊಳೆಯದೆ ಉಳಿದದ್ದು ಪವಾಡವೇ.


ಸೀಮೆಸುಣ್ಣ:

ಎಲ್ಲರಿಗೂ ಕೃತಜ್ಞತೆ. ಕಾರಿನ ಹುಡುಗನಿಗೆ ಅಂಕ ಕೊಟ್ಟಾಗಿದೆ, ಅವನನ್ನು ಈಗ ಹಿಡಿಯುವವರಿಲ್ಲ.

ಆಪರೇಟರ್ ಸರ್ ಹೇಳಿದ ಹಾಗೆ ಹೆಜ್ಜೆ ಎಣಿಸಿದೆವು. ತರಗತಿಯನ್ನು ಎರಡು ಗುಂಪು ಮಾಡಿ, ಎರಡೂ ಪ್ರತಿಗಳಲ್ಲಿ ಒಂದೇ ನಾಲ್ವರನ್ನು ಆರಿಸಿಕೊಂಡೆವು. ಬಣ್ಣದ ಪ್ರತಿಯಲ್ಲಿ ನಿಮಿಷಕ್ಕೆ 160ರ ಆಸುಪಾಸು, ಕಪ್ಪು ಬಿಳುಪಿನಲ್ಲಿ 110. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಬೋರ್ಡಿನ ಮೇಲೆ 110ರ ಸುತ್ತ ವೃತ್ತ ಹಾಕಿದೆ.

ಆಗ ಹಿಂದಿನ ಬೆಂಚಿನ ಅದೇ ಹುಡುಗಿ ಎದ್ದಳು. "ಮಿಸ್, ಅವರೂ ನಮ್ಮ ಹಾಗೆ ನಡೆಯುತ್ತಿದ್ದರು ಎಂದು ಮೊದಲೇ ಇಟ್ಟುಕೊಂಡು ವೇಗ ಹೊಂದಿಸಿದೆವು. ಈಗ ಚಿತ್ರ ನೋಡಿ ಅವರೂ ನಮ್ಮ ಹಾಗೆಯೇ ನಡೆಯುತ್ತಿದ್ದರು ಎನ್ನುತ್ತಿದ್ದೇವೆ. ಅವರು ನಿಜವಾಗಿಯೂ ಅವಸರದಲ್ಲಿದ್ದಿದ್ದರೆ?" ನನ್ನ ಬಳಿ ಉತ್ತರವಿರಲಿಲ್ಲ. ಊಟದ ಗಂಟೆ ಹೊಡೆಯಿತು, ಬದುಕಿಕೊಂಡೆ. ಮಕ್ಕಳು ಊಟಕ್ಕೆ ಓಡುವಾಗ ಸುಮ್ಮನೆ ಒಬ್ಬನ ಹೆಜ್ಜೆ ಎಣಿಸಿದೆ: 172. ಇವರನ್ನು ಈಗ ಚಿತ್ರೀಕರಿಸಿಟ್ಟರೆ ಮುಂದೆ ಯಾರೋ ಒಬ್ಬರು ವೇಗ ತಪ್ಪಾಗಿದೆ ಎಂದು ಸರಿಪಡಿಸುತ್ತಾರೆ.


ಹಳೆಯ ಆಪರೇಟರ್:

ಆ ಹುಡುಗಿಗೆ ನನ್ನ ನಮಸ್ಕಾರ ತಿಳಿಸಿ. ಎರಡು ದಿನ ಯೋಚಿಸಿದೆ. ನಾನು ಕೊಟ್ಟ ಅಳತೆಗೋಲೇ ಅಳೆಯಬೇಕಾದ ಬಟ್ಟೆಯಿಂದ ಹರಿದ ಪಟ್ಟಿ.

ಹಾಗಾದರೆ ಅವಸರವೆಂದರೆ ಏನೆಂದೇ ಗೊತ್ತಿಲ್ಲದ ಏನನ್ನಾದರೂ ಹುಡುಕಬೇಕು. ಕುದುರೆಗೆ ಗೊತ್ತು, ಅದು ಬೇಡ. ಮೋಟಾರು ಓಡಿಸುವವನಿಗೆ ಗೊತ್ತು. ಕೆಳಗೆ ಬೀಳುವ ವಸ್ತುವಿಗೆ ಗೊತ್ತಿಲ್ಲ. ಒಂದು ಮೀಟರ್ ಎತ್ತರದಿಂದ ಕೈಬಿಟ್ಟ ವಸ್ತು ನೆಲ ಮುಟ್ಟಲು ಸುಮಾರು 0.45 ಸೆಕೆಂಡು ಬೇಕು, 1906ರಲ್ಲೂ ಅಷ್ಟೇ. ಆ ಬೀಳುವಿಕೆಗೆ ಏಳು ಫ್ರೇಮು ಹಿಡಿದಿದ್ದರೆ ಕ್ಯಾಮೆರಾ 16ರಲ್ಲಿ ಓಡಿದೆ. ಹನ್ನೊಂದು ಹಿಡಿದಿದ್ದರೆ 24ರಲ್ಲಿ. ಗಾಡಿಯಿಂದ ಬೀಳುವ ಗಂಟು, ಜಾರಿದ ಟೋಪಿ (ಗಾಳಿ ಇರಬಾರದು), ಮೆಟ್ಟಿಲಿನಿಂದ ಕೆಳಗೆ ಜಿಗಿಯುವ ಹುಡುಗ, ಯಾವುದಾದರೂ ಆದೀತು. ಎತ್ತರ ಅಳೆಯಲು ಪಕ್ಕದಲ್ಲಿ ನಿಂತ ಮನುಷ್ಯನೋ ಗಾಡಿಯ ಚಕ್ರವೋ ಇದ್ದರೆ ಸಾಕು.

ಒಂದೇ ಷರತ್ತು. ಬಣ್ಣದ ಪ್ರತಿಯಲ್ಲಿ ಎಣಿಸಬೇಡಿ. ನಮ್ಮ ಕಮ್ಮಾರ ತಮ್ಮ ಬಿಡಿಸಿದ 44 ಫ್ರೇಮುಗಳು ನ್ಯೂಟನ್ನನ ಮಾತು ಕೇಳುವುದಿಲ್ಲ. ಫ್ರೇಮುಗಳನ್ನು ಇಮ್ಮಡಿಸದ ಹಳೆಯ ಸ್ಕ್ಯಾನ್ ಬೇಕು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಜಾಲತಾಣದಿಂದ ಆರಂಭಿಸಿ.


ಪಿಕ್ಸೆಲ್ ಕಮ್ಮಾರ:

ಬೈಗುಳ ಸ್ವೀಕರಿಸಿದೆ. ಮೇಡಂ, ಆ ಪ್ರತಿಯನ್ನು ಇಳಿಸಿಕೊಂಡು ಪ್ರತಿ ಫ್ರೇಮನ್ನೂ ಬಿಡಿ ಚಿತ್ರವಾಗಿ, ಸಂಖ್ಯೆ ಹಾಕಿ ಕಳುಹಿಸುತ್ತೇನೆ. ಒಂದೇ ಫ್ರೇಮು ಎರಡು ಬಾರಿ ಬಂದಿದ್ದರೆ ತೆಗೆದುಹಾಕುತ್ತೇನೆ. ಬೇರೇನನ್ನೂ ಮುಟ್ಟುವುದಿಲ್ಲ, ಆಣೆ.


ಸೀಮೆಸುಣ್ಣ:

ಕಳುಹಿಸಿ. ವಿಜ್ಞಾನದ ಮೇಷ್ಟ್ರು ಗುರುವಾರದ ಮೂರನೆಯ ಪೀರಿಯಡ್ ಬಿಟ್ಟುಕೊಡಲು ಒಪ್ಪಿದ್ದಾರೆ. ಹಿಂದಿನ ಬೆಂಚಿನವಳು ಈಗಲೇ ಕಪ್ಪು ಬಿಳುಪಿನ ಪ್ರತಿಯನ್ನು ನೋಡಿ, ಜಿಗಿಯುವವರ, ಬೀಳಿಸುವವರ ಪಟ್ಟಿ ಮಾಡುತ್ತಿದ್ದಾಳೆ. ಇಲ್ಲಿಯವರೆಗೆ ಸಿಕ್ಕಿದ್ದು ಇಬ್ಬರು ಹುಡುಗರು ಮತ್ತು ಕುದುರೆಯದೇ ಒಂದು ಸಂಗತಿ. ಮೂರನೆಯದನ್ನು ಬೋರ್ಡಿನ ಮೇಲೆ ಹೇಗೆ ಬರೆಯುವುದೆಂದು ಯೋಚಿಸುತ್ತಿದ್ದೇನೆ.